ಹೊಳೆಗೆ ಬಿಟ್ಟ ಜಾಗ

ಹಾಲೆಂಡಿಗೆ ಹೋಗಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಟ್ಯೂಲಿಪ್ ತೋಟ ನೋಡಿದ್ರಾ?"

ಇಲ್ಲ, ನೋಡಲಿಲ್ಲ. ನಮ್ಮ ಯಜಮಾನರು ಹೊರಡುವ ಮುಂಚೆಯೇ ಖಡಾಖಂಡಿತ ಹೇಳಿಬಿಟ್ಟಿದ್ದರು. "ಚೆಂಡು ಹೂ ಬೆಳೆಯೋನು ಹೂ ನೋಡಕ್ಕೆ ಸಮುದ್ರ ದಾಟೋದಾ? ನಮ್ ಹೊಲ ಕಂಡ್ರೆ ಕೇರಳದೋರು ಕಾರ್ ನಿಲ್ಲಿಸ್ಕೊಂಡು ಫೋಟೋ ತೆಗಿತಾರೆ. ನಾನೋಗಿ ಇನ್ಯಾರ್ದೋ ಹೊಲದ ಮುಂದೆ ಹಲ್ಲು ಕಿರಿಯನಾ? ಬುಡು ಅತ್ಲಾಗೆ."

ಹಾಗಾಗಿ ನಾವು ನೋಡಿದ್ದು ಒಂದು ಹೊಳೆ, ಅದರ ದಂಡೆ, ಆ ದಂಡೆಯ ಜನ. ಇಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹಂಗಳ

ನಾನು ಹಂಗಳದ ಹತ್ತಿರದ ಒಂದು ಸರ್ಕಾರಿ ಪ್ರೈಮರಿ ಸ್ಕೂಲಿನ ಟೀಚರು. ಯಜಮಾನರ ಹೆಸರು ಮಹದೇವು. ಅರಿಶಿನ, ಚೆಂಡು ಹೂ, ಒಂದಿಷ್ಟು ಜೋಳ ಬೆಳೆಯುತ್ತಾರೆ. ನಮ್ಮ ಪಾಲಿಗೆ ಬಂದ ಹೊಲ ಊಟಿ ರಸ್ತೆಗೆ ತಾಗಿಕೊಂಡಿದೆ. ಇದಲ್ಲದೆ ಕಾಡಿನ ಕಡೆ, ಹಳ್ಳದ ದಂಡೆಯಲ್ಲಿ ಉದ್ದಕ್ಕೆ ಒಂದು ಪಟ್ಟಿ ಜಮೀನಿದೆ. ಅದು ಯಜಮಾನರಿಗೂ ಅವರ ಅಣ್ಣ ಸಿದ್ದರಾಜು ಭಾವನವರಿಗೂ ಜಂಟಿ, ಪಾಲಾಗದೆ ಉಳಿದದ್ದು. ಹೊಂಗೆ ಮರಗಳು, ಎರಡು ಹುಣಸೆ, ಮಿಕ್ಕಂತೆ ಲಂಟಾನ. ಹಗಲು ಹೊತ್ತು ಊರಿನ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಾರೆ, ದನ ನೀರು ಕುಡಿಯುತ್ತವೆ. ಕತ್ತಲಾದರೆ ಕಾಡಿನಿಂದ ಆನೆ ಇಳಿಯುತ್ತವೆ.

ನಮ್ಮನ್ನು ಹಾಲೆಂಡಿಗೆ ಕರೆಸಿಕೊಂಡ ಮರೈಕ ನಮಗೆ ಸಿಕ್ಕಿದ್ದೂ ಆ ಹಳ್ಳದಲ್ಲೇ. ಆಕೆ ಹಾಲೆಂಡಿನವರು, ಕೆಲಸದಿಂದ ನಿವೃತ್ತರಾದ ನರ್ಸು, ಹಕ್ಕಿ ನೋಡುವ ಹುಚ್ಚಿನವರು. ಬಂಡೀಪುರಕ್ಕೆ ಬಂದವರು ಮೀಂಚುಳ್ಳಿಯ ಹಿಂದೆ ಹೋಗಿ ನಮ್ಮ ಹಳ್ಳದ ಪಾಚಿ ಕಲ್ಲಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡರು. ಯಜಮಾನರು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದರು. ನಮ್ಮತ್ತೆ ಹರಳೆಣ್ಣೆ ನೀವಿ ಪಟ್ಟಿ ಕಟ್ಟಿದರು. ಊತ ಇಳಿಯುವವರೆಗೂ ನಮ್ಮಲ್ಲೇ ಇದ್ದು, ಮುದ್ದೆ ನುಂಗುವುದು ಕಲಿತು ಹೋದರು. ಮರುವರ್ಷ ಮತ್ತೆ ಬಂದಾಗ, "ಈಗ ನಿಮ್ಮ ಸರದಿ. ನನ್ನ ಮನೆಯ ಹಿಂದೆಯೂ ಒಂದು ಹೊಳೆ ಇದೆ" ಅಂತ ಪಟ್ಟು ಹಿಡಿದರು.

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು "ಯಾಕ್ ಹೋಗ್ತಿದ್ದೀರಿ?" ಅಂದರೆ ಯಜಮಾನರು "ಹೊಳೆ ನೋಡಕ್ಕೆ" ಅಂದುಬಿಟ್ಟರು. ಆ ಪುಣ್ಯಾತ್ಮರು ಪೆನ್ನು ಕೆಳಗಿಟ್ಟು ನಕ್ಕರು. "ಚಾಮರಾಜನಗರದ ಪಕ್ಕದಲ್ಲೇ ಸುವರ್ಣಾವತಿ ಹೊಳೆ ಅದೆಯಲ್ಲ ಸಾರ್!"

ನಗುವಾಗ ನಾನೂ ನಕ್ಕೆ. ಆದರೆ ಮನೆಯಲ್ಲಿ ಆಗ ನಗುವ ಹವೆ ಇರಲಿಲ್ಲ. ಮೈಸೂರು ಕಡೆಯವರೊಬ್ಬರು ಹಳ್ಳದ ಪಟ್ಟಿಯನ್ನು ಕೇಳುತ್ತಿದ್ದರು. ಕಾಟೇಜು ಕಟ್ಟಿ, ಸುತ್ತ ಬೇಲಿ ಹಾಕಿ, ನೀರಿನಂಚಿಗೆ ಕುರ್ಚಿ ಹಾಕುತ್ತಾರಂತೆ. ಕಾಡಂಚಿನ ಕಾನೂನಿನ ಮಾತೆತ್ತಿದರೆ "ಅದನ್ನೆಲ್ಲ ನಾವು ನೋಡ್ಕೋತೀವಿ" ಅಂದರು. ಗುಂಡ್ಲುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಭಾವನವರು ಆಗಲೇ ಒಪ್ಪಿದ್ದರು. ಯಜಮಾನರೂ ಅರ್ಧ ತಲೆ ಆಡಿಸಿದ್ದರು.

"ಹೆಂಗಸರು ಬಟ್ಟೆ ಎಲ್ಲಿ ಒಗೀಬೇಕು? ದನ ಎಲ್ಲಿ ಹೋಗ್ಬೇಕು?" ಅಂತ ನಾನು ಕೇಳಿದೆ.

"ವರ್ಷಾ ವರ್ಷಾ ಏನ್ ಹಾಕಿದ್ರೂ ಆನೆ ಬಂದು ತುಳಿದಾಕ್ತವೆ. ನಮಗೆ ಏನೂ ಬರ್ದೇ ಇರೋ ಜಾಗ ಅದು. ಇಟ್ಕೊಂಡು ಪೂಜೆ ಮಾಡನಾ?"

"ಬರೀ ನಮ್ಮದಾ ಅದು? ಊರೇ ಅಲ್ಲಿಗೆ ಹೋಗುತ್ತೆ."

"ಪಟ್ಟೆ ಯಾರೆಸರಲ್ಲಿದ್ದದು? ನೀನು ನಿನ್ ಇಸ್ಕೂಲ್ ಮಕ್ಕಳಿಗೆ ಪಾಠ ಮಾಡ್ಕೊ ಕಣಮ್ಮಿ."

ಪ್ರಯಾಣದಿಂದ ಬಂದ ಮೇಲೆ ಅಗ್ರಿಮೆಂಟು ಅಂತ ಭಾವನವರು ಹೇಳಿ ಕಳಿಸಿದರು. ವಿಮಾನದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು, ಎರಡು ಬೇರೆ ಬೇರೆ ಮೋಡ ನೋಡಿಕೊಂಡು ಹೋದೆವು.

ಮರೈಕ ಮನೆ

ಅವರ ಊರಿನ ಹೆಸರು ಕೊನೆಗೂ ನನ್ನ ಬಾಯಲ್ಲಿ ಕೂರಲಿಲ್ಲ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವರ ಹಾಗೆ ಅವರು ಅದನ್ನು ಕರೆಯುತ್ತಾರೆ. ಜರ್ಮನಿಯ ಕಡೆಯಿಂದ ಬರುವ ರೈನ್ ನದಿ ಗಡಿ ದಾಟಿದ ಕೂಡಲೇ ಕವಲೊಡೆಯುತ್ತದೆ. ದೊಡ್ಡ ಕವಲಿಗೆ ವಾಲ್ ಅಂತ ಹೆಸರು. ಮರೈಕ ಅವರ ಊರು ಆ ವಾಲ್ ನದಿಯ ದಂಡೆಯಲ್ಲಿದೆ.

ದಂಡೆ ಅಂದೆ, ಆದರೆ ಮನೆಯಿಂದ ನದಿ ಕಾಣುವುದೇ ಇಲ್ಲ. ನಡುವೆ ಎತ್ತರದ ಒಂದು ಹಸಿರು ಏರಿ, ನಮ್ಮ ಕೆರೆ ಏರಿಯ ಹಾಗೇ. ಕೆರೆ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ, ಇಲ್ಲಿಯ ಏರಿ ನೀರನ್ನು ಹೊರಗೆ ತಡೆದಿಡುತ್ತದೆ. ಊರು ಕೆಳಗೆ, ಹೊಳೆ ಮೇಲೆ. ಇದನ್ನು ಕೇಳಿದ ರಾತ್ರಿ ಯಜಮಾನರಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮನೆಗಳಿಗೆಲ್ಲ ದೊಡ್ಡ ದೊಡ್ಡ ಗಾಜಿನ ಕಿಟಕಿ. ಪರದೆ ಇಲ್ಲ. ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಯಾರು ಏನು ಉಣ್ಣುತ್ತಿದ್ದಾರೆ ಅನ್ನುವುದೂ ಕಾಣುತ್ತದೆ. "ಇವ್ರಿಗೆ ದೃಷ್ಟಿ ತಾಕಲ್ವಾ?" ಅಂದರು ಯಜಮಾನರು. ಆದರೆ ಅಷ್ಟು ತೆರೆದಿಟ್ಟ ಮನೆಗೆ ಯಾರೂ ಸುಮ್ಮನೆ ನುಗ್ಗುವ ಹಾಗಿಲ್ಲ. ಪಕ್ಕದ ಮನೆಯವರು ಕಾಫಿಗೆ ಬರಬೇಕಾದರೂ ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮೊದಲೇ ಮಾತಾಗಬೇಕು. ನಮ್ಮ ಹಟ್ಟಿಯಲ್ಲಿ ಯಾರಾದರೂ ಹೀಗೆ ಹೇಳಿದರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಊರೆಲ್ಲ ಬಂದುಬಿಡುತ್ತದೆ.

ಬೆಳಗಿನ ತಿಂಡಿಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಚಾಕೊಲೇಟಿನ ಸಣ್ಣ ಸಣ್ಣ ಕಡ್ಡಿ ಉದುರಿಸಿ ಕೊಟ್ಟರು. ದೊಡ್ಡವರೂ ಅದನ್ನೇ ತಿನ್ನುತ್ತಾರೆ. ಯಜಮಾನರು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. "ಇರುವೆ ಅಲ್ಲ ತಾನೆ?" ಆಮೇಲೆ ಎರಡು ಸಲ ಹಾಕಿಸಿಕೊಂಡರು. ಕಾಫಿಯ ಜೊತೆ ಮಾತ್ರ ಒಂದೇ ಬಿಸ್ಕತ್ತು. ಡಬ್ಬಿ ತೆಗೆಯುತ್ತಾರೆ, ಒಂದು ತೆಗೆದುಕೊಂಡ ಮೇಲೆ ಮುಚ್ಚಳ ಹಾಕುತ್ತಾರೆ. ಹಂಗಳದಲ್ಲಿ ಮುದ್ದೆಯ ಮೇಲೆ ಮುದ್ದೆ ಬಡಿಸಿಕೊಂಡು ಹೋದ ಮರೈಕ ಇವರೇನಾ ಅನ್ನಿಸಿತು. ಆಕೆಗೆ ನಮ್ಮ ಮುಖ ನೋಡಿ ಅರ್ಥವಾಯಿತೋ ಏನೋ, ಮೂರನೆಯ ದಿನದಿಂದ ಡಬ್ಬಿ ತೆರೆದೇ ಇರುತ್ತಿತ್ತು.

ಅಲ್ಲಿ ಎಲ್ಲರದ್ದೂ ಸೈಕಲ್ ಸವಾರಿ. ನಮಗೂ ಒಂದೊಂದು ಸೈಕಲ್ ಸಿಕ್ಕಿತು. ನಾನು ಹೈಸ್ಕೂಲಿಗೆ ಬೇಗೂರಿಗೆ ಸೈಕಲ್ ತುಳಿದವಳು, ಹೇಗೋ ಸುಧಾರಿಸಿದೆ. ಯಜಮಾನರಿಗೆ ಇಳಿಜಾರಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸುವ ಚಟ. ಆ ಸೈಕಲ್‌ನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದರೆ ಅದೇ ಬ್ರೇಕು ಅಂತ ಯಾರೂ ಹೇಳಿರಲಿಲ್ಲ. ಏರಿಯ ಮೇಲಿಂದ ಜೋರಾಗಿ ಇಳಿಯುತ್ತಿದ್ದವರು ಒಮ್ಮೆಲೇ ನಿಂತರು. ಸೈಕಲ್ ನಿಂತಿತು ಅನ್ನುವುದು ಸರಿ, ಅವರು ನಿಲ್ಲಲಿಲ್ಲ. ತುರಿಕೆ ಸೊಪ್ಪಿನ ಪೊದೆಯೊಳಕ್ಕೆ ಹೋಗಿ ಬಿದ್ದರು.

ಮರೈಕ ಪಕ್ಕದಲ್ಲೇ ಬೆಳೆದಿದ್ದ ಯಾವುದೋ ಅಗಲ ಎಲೆ ಕಿತ್ತು ಅವರ ಮುಂಗೈಗೆ ಉಜ್ಜುತ್ತಾ ಕೂತರು. "ನಿಮ್ಮತ್ತೆ ನನ್ನ ಕಾಲು ನೀವಿದ್ದಕ್ಕೆ ಇದು" ಅಂದರು. ಅದನ್ನು ನಾನು ಕನ್ನಡದಲ್ಲಿ ಹೇಳಿದ ಮೇಲೆ, ಎಷ್ಟೋ ದಿನದ ನಂತರ ಯಜಮಾನರು ನನ್ನ ಮುಖ ನೋಡಿ ನಕ್ಕರು.

ಏರಿಯ ಆಚೆ

ಏರಿ ಹತ್ತಿ ನಿಂತಾಗಲೇ ಅದು ಕಂಡದ್ದು. ನದಿ ಇನ್ನೂ ದೂರ. ಏರಿಗೂ ನದಿಗೂ ನಡುವೆ ಅಗಲವಾದ ಒಂದು ಬಯಲು, ಅದರಲ್ಲಿ ನೀರಿನ ಸೀಳುಗಳು, ಮರಳಿನ ದಿಬ್ಬ, ಹೊಸ ಚಿಗುರಿನ ವಿಲ್ಲೋ ಮರಗಳ ತೋಪು. ಮಣ್ಣಿನ ಬಣ್ಣದ ಗಿಡ್ಡ ಕುದುರೆಗಳ ಒಂದು ಹಿಂಡು. ಕಪ್ಪು ದನಗಳು, ಮೈ ತುಂಬ ಕರಡಿಯಂಥ ಕೂದಲು. ಒಂದು ಕಂಬದ ಮೇಲೆ ಗೂಡು ಕಟ್ಟಿ ನಿಂತ ಕೊಕ್ಕರೆ. ನಡುವೆ ಅಲ್ಲಲ್ಲಿ ಜನ. ಯಾರೋ ಓಡುತ್ತಿದ್ದರು, ಒಬ್ಬಾಕೆ ಮಗುವಿಗೆ ಹಾಲೂಡುತ್ತಾ ಕೂತಿದ್ದರು, ಇಬ್ಬರು ಮುದುಕರು ಮಡಿಸುವ ಕುರ್ಚಿ ಹಾಕಿಕೊಂಡು ಏನೂ ಮಾಡದೆ ನದಿಯಲ್ಲಿ ಹೋಗುವ ಸರಕು ದೋಣಿಗಳನ್ನು ನೋಡುತ್ತಿದ್ದರು.

"ಇದೆಲ್ಲ ಮೊದಲು ಹೊಲ" ಅಂದರು ಮರೈಕ. ಮೊದಲು ಇಲ್ಲಿ ಹಾಲಿನ ದನಗಳ ಹುಲ್ಲುಗಾವಲು, ಜೋಳ, ಇಟ್ಟಿಗೆಗೆ ಮಣ್ಣು ತೆಗೆಯುವ ಗುಂಡಿಗಳು ಇದ್ದವಂತೆ. ನದಿ ಉಕ್ಕಿದಾಗಲೆಲ್ಲ ಏರಿ ಒಡೆಯುವ ಭಯ. ಏರಿಯನ್ನು ಎತ್ತರಿಸುತ್ತಾ ಹೋಗುವ ಬದಲು ನದಿಗೇ ಅದರ ಜಾಗ ವಾಪಸ್ಸು ಕೊಡೋಣ ಅಂತ ಸರ್ಕಾರ ತೀರ್ಮಾನ ಮಾಡಿತು. ರೈತರಿಂದ ಜಮೀನು ಕೊಂಡು, ಹಳೆಯ ಕವಲುಗಳನ್ನು ಮತ್ತೆ ತೋಡಿ, ದನ ಕುದುರೆ ಬಿಟ್ಟರು. ಹಕ್ಕಿಗಳು ತಾವಾಗಿಯೇ ಬಂದವು. ಬೀವರ್ ಅಂತ ಒಂದು ಪ್ರಾಣಿ, ಮರವನ್ನು ಹಲ್ಲಿನಲ್ಲೇ ಉರುಳಿಸುವಂಥದ್ದು, ಆ ನಾಡಿನಿಂದಲೇ ಅಳಿದು ಹೋಗಿತ್ತಂತೆ. ಅದೂ ಈಗ ಇಲ್ಲಿದೆ.

"ದಾರಿ ಎಲ್ಲಿ?" ಅಂತ ನಾನು ಕೇಳಿದೆ.

"ದಾರಿ ಇಲ್ಲ. ಎಲ್ಲಿ ಬೇಕಾದರೂ ನಡೀಬಹುದು. ದನಗಳ ಹತ್ತಿರ ಮಾತ್ರ ಹೋಗಬಾರದು."

ನಮ್ಮಲ್ಲಿ ಕಾಡು ಅಂದರೆ ಗೇಟು, ಜೀಪು, ಸಫಾರಿ ಟೈಮು. ಇಲ್ಲಿ ಸ್ಪ್ರಿಂಗಿನ ಒಂದು ಸಣ್ಣ ಗೇಟು, ತಳ್ಳಿದರೆ ಒಳಗೆ. ಆದರೆ ನಮ್ಮ ಕಾಡಿನಲ್ಲಿ ಹುಲಿ ಇದೆ, ಆನೆ ಇದೆ. ಇಲ್ಲಿ ಕರಡಿ ಕೂದಲಿನ ದನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಮರೈಕ ಡಾಕ್ಟರ ಹತ್ತಿರ ಹೋಗಬೇಕಿತ್ತು. ನಾವಿಬ್ಬರೇ ಹೊರಟೆವು. ವಿಲ್ಲೋ ತೋಪಿನೊಳಗೆ ನುಗ್ಗಿ ಸ್ವಲ್ಪ ಹೊತ್ತಿನಲ್ಲೇ ನದಿ ಯಾವ ಕಡೆ, ಏರಿ ಯಾವ ಕಡೆ ಒಂದೂ ತಿಳಿಯದಾಯಿತು. ಯಜಮಾನರು "ನಾನ್ ಕಾಡಿನಲ್ಲುಟ್ಟೋನು ಕಣಮ್ಮಿ, ಹಿಂದೆ ಬಾ" ಅಂತ ಮುಂದೆ ನಡೆದರು. ಒಂದು ತಿರುವಿನಲ್ಲಿ ಗಕ್ಕನೆ ನಿಂತರು. ಎದುರಿಗೆ ಕಪ್ಪು ಹಸು, ಕಾಲಡಿಯಲ್ಲಿ ಕರು.

ಪಟಾಕಿ ಸಿಡಿಸಿ ಆನೆ ಓಡಿಸುವ ಮನುಷ್ಯ ಹಸುವಿಗೆ ಹೆದರಿ ನನ್ನ ಸೆರಗು ಹಿಡಿದುಕೊಂಡು ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. "ಕರು ಹಾಕಿರೋ ಹಸ ಕಣೆ, ಅದ್ಕೇನ್ ದೇಶ ಗೊತ್ತಾ?" ಅಂತ ಪಿಸುಗುಟ್ಟಿದರು. ಮಳೆಯೂ ಶುರುವಾಯಿತು. ಮರದ ಬುಡದಲ್ಲಿ ಇಬ್ಬರೂ ಒಂದೇ ಶಾಲು ಹೊದ್ದು ಕೂತೆವು. ಹಸು ಕರುವನ್ನು ನೆಕ್ಕುತ್ತಲೇ ಇತ್ತು. ನಮ್ಮ ಪಕ್ಕದ ಮರದ ಬುಡವನ್ನು ಯಾವುದೋ ಪ್ರಾಣಿ ಸುತ್ತಲೂ ಕಡಿದು ಪೆನ್ಸಿಲ್ಲಿನ ಹಾಗೆ ಚೂಪು ಮಾಡಿತ್ತು. ಕೆಳಗೆ ಹೊಸ ಚಕ್ಕೆಗಳು, ಬಡಗಿ ಈಗಷ್ಟೇ ಎದ್ದು ಹೋದ ಹಾಗೆ. ಹಸುವಿನ ಭಯದಲ್ಲೂ ಯಜಮಾನರು ಒಂದು ಚಕ್ಕೆ ಎತ್ತಿ ಮೂಸಿ ನೋಡಿದರು.

ಆಗ ಮಳೆಯಲ್ಲೇ ಒಬ್ಬ ಅಜ್ಜಿ, ನಮ್ಮತ್ತೆಯ ವಯಸ್ಸಿನವರು, ಚಡ್ಡಿ ಹಾಕಿಕೊಂಡು ಓಡುತ್ತಾ ಬಂದರು. ಹಸುವನ್ನು ಕಂಡು ದೂರದಿಂದ ಬಳಸಿ, ನಮಗೆ ಕೈ ಬೀಸಿ, ಓಡಿಯೇ ಹೋದರು. ನಾವು ಎದ್ದು ಆಕೆಯ ಹಿಂದೆಯೇ ನಡೆದೆವು. ಏರಿ ಅಷ್ಟು ಹತ್ತಿರದಲ್ಲೇ ಇತ್ತು.

ಹೆಂಕ್

ಮರೈಕ ಅವರ ನೆರೆಮನೆಯಲ್ಲಿ ಹೆಂಕ್ ಅನ್ನುವ ಎಂಬತ್ತು ದಾಟಿದ ರೈತರಿದ್ದರು. ಎತ್ತರದ ಆಳು, ದೊಡ್ಡ ಕೈ, ಮಾತು ಕಮ್ಮಿ. ಮುಂಚೆಯೇ ಮಾತಾದಂತೆ ಸರಿಯಾದ ಹೊತ್ತಿಗೆ ಕಾಫಿಗೆ ಬಂದರು. ಅವರು ಡಚ್ಚಿನಲ್ಲಿ ಹೇಳಿದ್ದನ್ನು ಮರೈಕ ಇಂಗ್ಲಿಷಿಗೆ, ನಾನು ಇಂಗ್ಲಿಷಿನಿಂದ ಕನ್ನಡಕ್ಕೆ. ಒಂದು ಮಾತು ಯಜಮಾನರ ಕಿವಿ ತಲುಪುವಷ್ಟರಲ್ಲಿ ಕಾಫಿ ಆರುತ್ತಿತ್ತು.

ಹೆಂಕ್ ಅವರ ಹುಲ್ಲುಗಾವಲು, ದನದ ಕೊಟ್ಟಿಗೆ, ಹುಟ್ಟಿದ ಮನೆ ಎಲ್ಲವೂ ಆ ಬಯಲಿನಲ್ಲೇ ಇತ್ತು ಅಂತ ಗೊತ್ತಾದ ಕೂಡಲೇ ಯಜಮಾನರು ನೆಟ್ಟಗೆ ಕೂತರು.

"ಕೇಳಮ್ಮಿ ಅವರ್ನ. ಜಮೀನ್ ಕಿತ್ಕೊಂಡಾಗ ಸಂಕಟ ಆಗ್ಲಿಲ್ವಾ ಅಂತ."

"ಹಂಗೆಲ್ಲ ಕೇಳ್ತಾರೇನ್ರೀ?"

"ಒಬ್ಬ ರೈತ ಇನ್ನೊಬ್ಬ ರೈತನ್ನ ಕೇಳೋದು. ನೀ ಕೇಳು."

ಕೇಳಿದೆ. ಮರೈಕ ತುಸು ಹಿಂಜರಿದು ಅದನ್ನು ಡಚ್ಚಿಗೆ ತಿರುಗಿಸಿದರು. ಹೆಂಕ್ ಲೋಟ ಕೆಳಗಿಟ್ಟರು. ಎದ್ದು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಯಜಮಾನರ ಕಡೆ ಒಂದು ಮಾತು ಹೇಳಿ ಹೊರಟೇಹೋದರು. ಅವಮಾನ ಮಾಡಿಬಿಟ್ಟೆವು ಅಂದುಕೊಂಡೆ.

"ನಾಳೆ ಬೆಳಗ್ಗೆ ಬೂಟು ಹಾಕಿಕೊಂಡು ಬರಬೇಕಂತೆ" ಅಂದರು ಮರೈಕ.

ಮರುದಿನ ನಾಲ್ವರೂ ಬಯಲಿಗೆ ಇಳಿದೆವು. ಹೆಂಕ್ ಕೋಲು ಊರಿಕೊಂಡು ಮುಂದೆ. ದಾರಿಯಿಲ್ಲದ ಆ ಜಾಗದಲ್ಲಿ ಅವರಿಗೆ ಮಾತ್ರ ದಾರಿ ಇತ್ತು. ವಿಲ್ಲೋ ಮರಗಳ ನಡುವೆ ಒಂದು ಕಡೆ ಎತ್ತರದ ದಿಣ್ಣೆ, ಅದರ ಮೇಲೆ ಒಂದೇ ಒಂದು ಬೇರೆ ಮರ, ಮೈ ತುಂಬ ಬಿಳಿ ಹೂ ಬಿಟ್ಟು ನಿಂತಿತ್ತು. ಪೇರ್ ಮರ. ಊಟಿ ರಸ್ತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಾರಲ್ಲ, ಆ ಗಟ್ಟಿ ಪೇರ್ ಕಾಯಿಯ ಮರ.

"ಇದು ನಮ್ಮ ಅಂಗಳ" ಅಂದರು ಹೆಂಕ್. ಕೋಲಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಅಡುಗೆಮನೆ ಇಲ್ಲಿ, ಕೊಟ್ಟಿಗೆ ಅಲ್ಲಿ. ಕೊಟ್ಟಿಗೆ ಇದ್ದ ಕಡೆ ಈಗ ನೀರು, ನೀರಿನಲ್ಲಿ ಮರಿಗಳ ಸಮೇತ ಬಾತುಗಳು.

ಅವರು ಹೇಳಿದ ಕಥೆ ಇದು. ಜಮೀನು ಹೋದಾಗ ಅವರು ತುಂಬ ಹೋರಾಡಿದರು, ಸೋತರು. ಏರಿಯ ಈಚೆ ಹೊಸ ಮನೆ ಕೊಟ್ಟರು. ವರ್ಷಗಟ್ಟಲೆ ಹೆಂಕ್ ಏರಿಯನ್ನೇ ಹತ್ತಲಿಲ್ಲ. ಕೊಟ್ಟಿಗೆ ಕೆಡವಿದ್ದನ್ನೂ ನೋಡಲಿಲ್ಲ. ಆಮೇಲೆ ಅವರ ಹೆಂಡತಿಗೆ ಕಾಯಿಲೆ ಆಯಿತು, ನಡೆಯಲಾಗದ ಸ್ಥಿತಿ. ಒಂದು ಬೇಸಿಗೆಯಲ್ಲಿ ಆಕೆ, "ನೀನು ಬರದಿದ್ದರೆ ಬೇಡ, ನನ್ನನ್ನಾದರೂ ನೀರಿನ ಹತ್ತಿರ ಬಿಡು" ಅಂದರು. ಹೆಂಕ್ ಬೈದುಕೊಂಡೇ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಮರಳಿನ ದಂಡೆಯಲ್ಲಿ ಆಕೆಯನ್ನು ಕೂರಿಸಿ, ತಾವು ಬೆನ್ನು ತಿರುಗಿಸಿ ಕೂತರು. ಮರುದಿನವೂ ಬಂದರು. ಆಮೇಲೆ ದಿನಾ. ಬೇಸಿಗೆ ಮುಗಿಯುವ ಹೊತ್ತಿಗೆ ಆಕೆ ಹೋದರು.

"ನಾವು ಈ ನೆಲದಲ್ಲಿ ನಲವತ್ತು ವರ್ಷ ದುಡಿದೆವು. ಅದು ಹೊಲವಾಗಿದ್ದಾಗ ನಾನೂ ಅವಳೂ ಒಂದು ದಿನವೂ ಇಲ್ಲಿ ಸುಮ್ಮನೆ ಕೂತಿರಲಿಲ್ಲ" ಅಂದರು ಹೆಂಕ್. ಯಜಮಾನರ ಕಡೆ ತಿರುಗಿ, "ಸಂಕಟ ಆಯಿತು. ಈಗಲೂ ಇದೆ. ಆದರೆ ಆ ಬೇಸಿಗೆಯನ್ನು ನನಗೆ ಕೊಟ್ಟಿದ್ದೂ ಇದೇ ಜಾಗ" ಅಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಯಜಮಾನರು ಹೆಂಕ್ ಅವರ ಪಕ್ಕ ಹೋಗಿ ನಿಂತರು. ಇಬ್ಬರೂ ಬಹಳ ಹೊತ್ತು ಬಾತುಗಳನ್ನು ನೋಡಿದರು.

ದೋಣಿಯಲ್ಲಿ

ಹೊರಡುವ ಹಿಂದಿನ ಸಂಜೆ ನಾವಿಬ್ಬರೂ ಆಚೆ ದಡಕ್ಕೆ ಹೋಗಿ ಬರೋಣ ಅಂತ ಸಣ್ಣ ದೋಣಿ ಹತ್ತಿದೆವು. ನಡೆಯುವವರನ್ನೂ ಸೈಕಲ್ಲಿನವರನ್ನೂ ಮಾತ್ರ ದಾಟಿಸುವ ದೋಣಿ ಅದು. ಎಂಟು ಗಂಟೆಯಾದರೂ ಬಿಸಿಲು ಇಳಿದಿರಲಿಲ್ಲ. ದೋಣಿಯಲ್ಲಿ ಮಕ್ಕಳು, ಒದ್ದೆ ಟವೆಲ್ಲು, ಒಂದು ನಾಯಿ. ಈಜಿ ಬಂದವರು ಇರಬೇಕು.

"ನಮ್ ಹಳ್ಳದತ್ರ ನಾವೂ ಒಂದ್ ದಿನ ಕೂತಿಲ್ಲ ಅಲ್ವಾ?" ಅಂದರು ಯಜಮಾನರು.

"ಬಟ್ಟೆ ಒಗೆದಿದ್ದೀನಿ."

"ಅದಲ್ಲ ಕಣೆ. ಸುಮ್ನೆ."

"ಇಲ್ಲ."

"ನಾನು ಆನೆ ಕಾಯಕ್ಕೆ ಅಂತ ಅಟ್ಟಣೆ ಮೇಲೆ ಕೂತಿದ್ದೆ. ಅದೂ ಬಯ್ಕೊಂಡು."

ಅಷ್ಟೇ ಮಾತು. ಹಳ್ಳದ ಜಾಗ ಮಾರುತ್ತಾರೋ ಬಿಡುತ್ತಾರೋ ನಾನು ಕೇಳಲಿಲ್ಲ. ಕೇಳಿದರೆ ಕೆಡುತ್ತದೆ ಅನ್ನಿಸಿತು. ವಾಪಸ್ಸು ಬರುವಾಗ ವಿಮಾನದ ಕಿಟಕಿಯಲ್ಲಿ ಇಬ್ಬರೂ ಒಂದೇ ಮೋಡ ನೋಡಿದೆವು.

ಗುಂಡ್ಲುಪೇಟೆ

ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಬಿಸಿಲು, ಹಾರನ್ನು, ಬಾಳೆಹಣ್ಣಿನ ವಾಸನೆ, "ಸುಲ್ತಾನ್ ಬತ್ತೇರಿ, ಬತ್ತೇರಿ" ಅಂತ ಕೂಗುವ ದನಿ. ಮನಸ್ಸು ತಣ್ಣಗಾಯಿತು. ಮನೆಗೂ ಹೋಗದೆ ಯಜಮಾನರು ಸೀದಾ ಭಾವನವರ ಅಂಗಡಿಗೆ ನಡೆದರು. ಸೂಟ್‌ಕೇಸು ಎಳೆದುಕೊಂಡು ನಾನು ಹಿಂದೆ.

ಭಾವನವರು ಪೈಪು ಅಳೆಯುತ್ತಿದ್ದರು. "ಬಂದ್ರಾ! ಎಂಗಿತ್ಲಾ ಫಾರಿನ್ನು? ಮೈಸೂರಿನೋರು ಮೂರು ಸಲ ಫೋನ್ ಮಾಡವ್ರೆ. ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಓಗನ."

"ಅಣ್ಣ, ಹಳ್ಳದ ಜಾಗ ಬ್ಯಾಡ" ಅಂದರು ಯಜಮಾನರು.

"ಬ್ಯಾಡ ಅಂದ್ರೆ?"

"ಮಾರದು ಬ್ಯಾಡ."

ಭಾವನವರು ಟೇಪು ಸುತ್ತಿಟ್ಟರು. "ಅರ್ಧ ನಂದೂ ಅದೆ ಕಣ್ಲಾ. ಅಲ್ಲೋಗಿ ತಲೆ ಕೆಡಿಸ್ಕೊಂಡು ಬಂದ್ಬುಟ್ಟಾ? ನಾನು ಇಬ್ಬರು ಹೆಣ್ಣುಮಕ್ಕಳ ಅಪ್ಪ. ನಿಂಗೇನೋ ಸಂಬಳದ ಹೆಂಡ್ರು ಅವ್ಳೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ನೆಲ ನೋಡಿದೆ.

"ನಿನ್ ಅರ್ಧನೂ ನನಗೇ ಕೊಡು. ಬದ್ಲಿಗೆ ರೋಡ್ ಪಕ್ಕದ ಹೊಲದಲ್ಲಿ ರೋಡಿಗೆ ತಾಕಿರೋ ಅರ್ಧ ನೀನ್ ತಗೊ. ಅಂಗಡಿ ಹಾಕು, ಹೋಟ್ಲು ಹಾಕು, ಏನಾರ ಮಾಡು."

ಭಾವನವರು ಟೇಪನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ನನ್ನ ಕಡೆ ತಿರುಗಿದರು. "ಏನಮ್ಮ, ಇವನ್ ಸರಿಯಾಗವ್ನಾ?"

ನಿಜ ಹೇಳುತ್ತೇನೆ. ಹಳ್ಳ ಉಳಿಸಬೇಕು ಅಂತ ಮೊದಲಿನಿಂದ ಜಗಳವಾಡಿದವಳು ನಾನು. ಆ ಕ್ಷಣ ಎದೆ ಧಸಕ್ಕೆಂದದ್ದೂ ನನಗೇ. ಅದು ನಮ್ಮ ಹೂವಿನ ಹೊಲ. ನಾನು ಮದುವೆಯಾಗಿ ಬಂದ ವರ್ಷ ಮೊದಲು ಹೂ ಬಿಡಿಸಿದ್ದು ಅಲ್ಲೇ. ಕೇರಳದವರು ಓಣಂ ಸಮಯದಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದೂ ಅಲ್ಲೇ. "ರೀ, ಮನೆಗೋಗಿ ಮಾತಾಡೋಣ" ಅಂದೆ.

ಯಜಮಾನರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಹೂವು ಎಲ್ ಹಾಕಿದ್ರೂ ಬತ್ತದೆ ಕಣಮ್ಮಿ. ಹಳ್ಳ ಎಲ್ ಹಾಕಿದ್ರೆ ಬಂದದು?"



ಹಳ್ಳದ ದಂಡೆ

ಅದಲು ಬದಲು ಆಯಿತು. ಪತ್ರ ಆದ ದಿನ ಭಾವನವರು ಊಟಕ್ಕೂ ನಿಲ್ಲದೆ ಹೋದರು. ಯಜಮಾನರು ತಮಗೆ ಒಳ್ಳೆಯದನ್ನೇ ಕೊಟ್ಟರು ಅಂತ ಅವರಿಗೆ ಗೊತ್ತಿತ್ತು. ಆದರೂ ನಾಲ್ಕು ಜನರ ಮುಂದೆ ಕಾಟೇಜಿನವರಿಗೆ ಕೊಟ್ಟ ಮಾತು ಮುರಿಯಿತಲ್ಲ ಅನ್ನುವ ಸಿಟ್ಟು. ನಮ್ಮ ಮನೆಗೆ ಬರುವುದು ನಿಂತಿತು. ರಸ್ತೆ ಪಕ್ಕ ಅವರ ಟೀ ಅಂಗಡಿ ಏಳುತ್ತಿದ್ದುದನ್ನು ಬಸ್ಸಿನಿಂದ ನೋಡಿಕೊಂಡು ನಾನು ಸ್ಕೂಲಿಗೆ ಹೋಗುತ್ತಿದ್ದೆ. 

ಯಜಮಾನರು ಹಳ್ಳಕ್ಕೆ ದೊಡ್ಡದಾಗಿ ಏನೂ ಮಾಡಲಿಲ್ಲ. ನಾಲ್ಕು ಜನರನ್ನು ಕಟ್ಟಿಕೊಂಡು ಲಂಟಾನ ಕೀಳಿಸಿದರು. ನೀರಿನ ಕಡೆ ಬೇಲಿ ಹಾಕಲಿಲ್ಲ, ಮೇಲ್ಗಡೆ ಹೊಸದಾಗಿ ನೆಟ್ಟ ಅರಿಶಿನದ ಕಡೆ ಮಾತ್ರ ಹಾಕಿದರು. ರಸ್ತೆಯಿಂದ ಬಂದು ಬಾಟಲಿ ಒಡೆದು ಹೋಗುವ ಹುಡುಗರನ್ನು ಎರಡು ಸಲ ಅಟ್ಟಿಸಿಕೊಂಡು ಹೋದರು. ಮೂರನೇ ಸಲ ಅವರ ಕೈಗೇ ಗೋಣಿಚೀಲ ಕೊಟ್ಟು ಗಾಜು ಆಯಿಸಿದರು. ಆನೆಗಳಿಗೆ ನಮ್ಮ ತ್ಯಾಗದ ಸುದ್ದಿ ತಲುಪಿರಲಿಲ್ಲ ಅಂತ ಕಾಣುತ್ತದೆ, ಆಷಾಢದಲ್ಲಿ ಒಂದು ದಿನ ಬೇಲಿ ಮುರಿದು ಅರಿಶಿನ ತುಳಿದವು. ಯಜಮಾನರು ಬೆಳಗ್ಗೆ ಎದ್ದು ಮನಸಾರೆ ಬೈದರು. ಬೈದು ಮುಗಿಸಿ, ಮುರಿದ ಕಂಬ ನೆಟ್ಟರು.

ಮಳೆ ಹಿಡಿದು ಹಳ್ಳ ತುಂಬಿ ಹರಿಯತೊಡಗಿತು. ಹೆಂಗಸರು ಬಟ್ಟೆ ಒಗೆದು, ಒಣಗಲು ಹರವಿ, ಈಗ ಸ್ವಲ್ಪ ಹೊತ್ತು ಹೊಂಗೆ ನೆರಳಲ್ಲಿ ಕೂತೇ ಹೋಗುತ್ತಾರೆ. ನನ್ನ ಸ್ಕೂಲಿನ ಮಕ್ಕಳನ್ನು ಒಂದು ಶನಿವಾರ ಕರೆದುಕೊಂಡು ಹೋದೆ. ಮೀಂಚುಳ್ಳಿ ಒಂದು ಮೀನು ಹಿಡಿದು ಕಲ್ಲಿಗೆ ಬಡಿದು ನುಂಗಿದ್ದನ್ನು ಮೂವತ್ತು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ತರಗತಿಯಲ್ಲಿ ನಾನು ಅಷ್ಟು ನಿಶ್ಶಬ್ದವನ್ನು ಯಾವತ್ತೂ ಕಂಡಿಲ್ಲ. ಭಾನುವಾರಗಳಲ್ಲಿ ಯಜಮಾನರೂ ನಾನೂ ಹೋಗಿ ಕೂರುತ್ತೇವೆ. ಮಾತಿದ್ದರೆ ಮಾತು, ಇಲ್ಲದಿದ್ದರೆ ಇಲ್ಲ.

ಅಂಥದೇ ಒಂದು ಭಾನುವಾರ ಮಧ್ಯಾಹ್ನ, ಹುಣಸೆ ಮರದಾಚೆ ಒಂದು ಕಾರು ನಿಂತ ಸದ್ದಾಯಿತು. ಭಾವನವರು ಇಳಿದರು. ಹಿಂದೆ ಅಕ್ಕ, ಅಂದರೆ ಅವರ ಮನೆಯವರು, ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳ ಕಂಕುಳಲ್ಲಿ ಚಾಪೆ. ಚಪ್ಪಲಿ ಬಿಚ್ಚಿಟ್ಟು ಆ ಹುಡುಗಿಯರು ಸೀದಾ ನೀರಿಗೆ ಇಳಿದೇಬಿಟ್ಟರು. ಭಾವನವರು ಮಾತ್ರ ದಂಡೆಯ ಮೇಲೆ ನಿಂತು, ಅತ್ತ ಇತ್ತ ನೋಡಿ, ಗಂಟಲು ಸರಿ ಮಾಡಿಕೊಂಡರು.

"ಏನ್ಲಾ ಮಾದೇವು, ಇಲ್ಲಿ ಕೂರಕ್ಕೆ ನಿನ್ನ ಕೇಳ್ಬೇಕಾ?"

ಯಜಮಾನರು ಎದ್ದು ಅವರ ಕೈಯಿಂದ ನೀರಿನ ಕ್ಯಾನು ಇಸಿದುಕೊಂಡರು. ನೆರಳಿರುವ ಕಡೆ ಚಾಪೆ ಹಾಸಿದರು.

"ನನ್ನೇನ್ ಕೇಳೀಯೆ ಕಣಣ್ಣ, ಕೂತ್ಕೊ. ಒತ್ತು ಮುಳುಗೋ ಒತ್ಗೆ ಮಾತ್ರ ಚಾಪೆ ಸುತ್ಕೊಂಡು ಎದ್ಬುಡನ. ಆಮೇಲೆ ಆನೆ ಬತ್ತವೆ."